ಕಜಾನ್ ತಂಡದಲ್ಲಿ ನಮ್ಮವರು ಯಾರು?



ಕಳೆದ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಮಂಡನೆಯಾದ ಒಂದು ಸೂಚನೆ ನಿಮ್ಮೆಲ್ಲರ ಕಿವಿಗೂ ಬಿದ್ದಿರಬೇಕು. ಬೇಸಿಗೆಯಲ್ಲಿ ನಡೆಯುವ ಅಂತರ್‌ಕೂಟ ವಾಲಿಬಾಲ್ ಪಂದ್ಯಗಳಲ್ಲಿ ನಮ್ಮ ಕೂಟದ ಪರವಾಗಿ ಆಡುವವರೆಲ್ಲ ಕನ್ನಡ ಮಾತೃಭಾಷೆಯವರೇ ಆಗಿರಬೇಕು ಎಂಬುದು ಆ ಸೂಚನೆ. ಯುಗಾದಿಯ ಮಹಾಸಭೆಯಲ್ಲಿ ಅದು ಮತಕ್ಕೆ ಬರಲಿದೆ. ವಾಲಿಬಾಲ್ ಉಪಸಮಿತಿ ಎಂಬ ಭಾರವಾದ ಹೆಸರು ಹೊತ್ತು, ನಿಜವಾಗಿ ನೆಟ್ ಕಟ್ಟುವುದು, ಚೆಂಡಿಗೆ ಗಾಳಿ ತುಂಬುವುದು, ನೀರಿನ ಪೆಟ್ಟಿಗೆ ಹೊರುವುದು ಇಷ್ಟನ್ನೇ ಮಾಡುತ್ತ ಬಂದಿರುವ ನಾವು ಮೂವರು ಈ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ಸಂಪಾದಕರ ಅಪ್ಪಣೆಯಾಗಿದೆ.

ಬರೆಯಲು ಕುಳಿತರೆ ನಮಗೆ ಮೊದಲು ನೆನಪಾದದ್ದು ನಮ್ಮ ತಂಡವಲ್ಲ, ರಷ್ಯದ ಒಂದು ತಂಡ. ಎಲ್ಲಿಯ ಮಾಮರ, ಎಲ್ಲಿಯ ಕೋಗಿಲೆ ಎಂದು ನೀವು ನಗಬಹುದು. ಆದರೆ ‘ತಂಡದಲ್ಲಿ ನಮ್ಮವರು ಯಾರು’ ಎಂಬ ಪ್ರಶ್ನೆಯನ್ನು ಈ ಕ್ಲಬ್ಬಿನಷ್ಟು ಬಗೆಬಗೆಯಾಗಿ ಎದುರಿಸಿದ ಇನ್ನೊಂದು ಕ್ಲಬ್ ನಮಗೆ ತಿಳಿದಿಲ್ಲ. ಆದ್ದರಿಂದ ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ಪ್ರಾರ್ಥನೆ.

ನಮಗೂ ಆ ತಂಡಕ್ಕೂ ಪರಿಚಯವಾದದ್ದು ಹೇಗೆಂದು ಹೇಳಿಬಿಡುತ್ತೇವೆ. 2008ರ ಆಗಸ್ಟ್ ತಿಂಗಳಲ್ಲಿ ಬೀಜಿಂಗ್ ಒಲಿಂಪಿಕ್ಸಿನ ಪುರುಷರ ವಾಲಿಬಾಲ್ ಸೆಮಿಫೈನಲ್ ಪಂದ್ಯವನ್ನು ನಾವು ಮೂರು ಸಂಸಾರಗಳು ಒಂದೇ ಮನೆಯಲ್ಲಿ ಸೇರಿ ಟೀವಿಯಲ್ಲಿ ನೋಡಿದೆವು. ಒಂದು ಕಡೆ ಅಮೆರಿಕ, ಇನ್ನೊಂದು ಕಡೆ ರಷ್ಯ. ಅಮೆರಿಕ ಮೊದಲ ಎರಡು ಸೆಟ್ ಗೆದ್ದಿತು, ರಷ್ಯ ಮುಂದಿನ ಎರಡನ್ನು ಗೆದ್ದು ಸಮ ಮಾಡಿತು, ಐದನೆಯ ಸೆಟ್ಟಿನಲ್ಲಿ ಅಮೆರಿಕ ಗೆದ್ದಿತು. ಮುಂದೆ ಫೈನಲಿನಲ್ಲಿ ಬ್ರೆಜಿಲನ್ನೂ ಸೋಲಿಸಿ ಚಿನ್ನ ತೆಗೆದುಕೊಂಡಿತು. ಅಮೆರಿಕದ ಲಿಫ್ಟರ್ (ಇಲ್ಲಿಯವರು ಸೆಟರ್ ಎನ್ನುತ್ತಾರೆ, ನಮ್ಮ ಊರಿನ ಅಂಗಳಗಳಲ್ಲಿ ಲಿಫ್ಟರ್ ಎಂದೇ ರೂಢಿ) ಇಂಡಿಯಾನಾ ರಾಜ್ಯದ ಲಾಯ್ ಬಾಲ್. ಹೆಸರಿನಲ್ಲೇ ಚೆಂಡು ಇಟ್ಟುಕೊಂಡ ಮನುಷ್ಯ! ಅವರು ಎತ್ತಿಕೊಟ್ಟ ಚೆಂಡನ್ನು ಬಡಿಯುತ್ತಿದ್ದವರಲ್ಲಿ ಮುಖ್ಯರು ಕ್ಲೇಟನ್ ಸ್ಟ್ಯಾನ್ಲಿ. ಆ ಒಲಿಂಪಿಕ್ಸಿನ ಅತ್ಯಮೂಲ್ಯ ಆಟಗಾರ ಎಂಬ ಗೌರವ ಸ್ಟ್ಯಾನ್ಲಿಗೇ ಸಂದಿತು.

ಸ್ವಾರಸ್ಯವಿರುವುದು ಇಲ್ಲಿಯೇ. ಈ ಇಬ್ಬರೂ ಹೊಟ್ಟೆಪಾಡಿಗೆ ಆಡುತ್ತಿದ್ದದ್ದು ರಷ್ಯದಲ್ಲಿ, ಕಜಾನ್ ನಗರದ ಕ್ಲಬ್ಬಿನಲ್ಲಿ! ನೆಟ್ಟಿನ ಆಚೆಗೆ ರಷ್ಯದ ಅಂಗಿ ತೊಟ್ಟು ನಿಂತಿದ್ದ ಸೆರ್ಗೇ ತೆತ್ಯೂಖಿನ್ ಅದೇ ಕ್ಲಬ್ಬಿನ ಜೊತೆಗಾರ. ಆ ವರ್ಷ ಮಾರ್ಚಿನಲ್ಲಿ ಈ ಮೂವರೂ ಒಂದೇ ಅಂಗಿ ತೊಟ್ಟು ಯೂರೋಪಿನ ಚಾಂಪಿಯನ್ಸ್ ಲೀಗ್ ಗೆದ್ದಿದ್ದರು. ಆಗಸ್ಟಿನಲ್ಲಿ ಎದುರುಬದುರು. ‘ಉಂಡ ಮನೆಗೆ ಎರಡು ಬಗೆಯಬಾರದು’ ಎಂದು ನಮ್ಮಲ್ಲೊಬ್ಬರ ಮನೆಯ ಅಜ್ಜಿ, ಆಗ ಊರಿನಿಂದ ಬಂದಿದ್ದವರು, ಸೋಫಾದ ಮೇಲಿಂದಲೇ ತೀರ್ಪು ಕೊಟ್ಟರು. ಆದರೆ ಕಜಾನಿನವರು ಹಾಗೆ ಎಣಿಸಲಿಲ್ಲ. ಒಲಿಂಪಿಕ್ಸ್ ಮುಗಿದ ಮೇಲೆ ಬಾಲ್ ಮತ್ತು ಸ್ಟ್ಯಾನ್ಲಿ ಚಿನ್ನದ ಪದಕದೊಡನೆ ಅದೇ ಕ್ಲಬ್ಬಿಗೆ ಮರಳಿದರು. ಅಷ್ಟೇ ಅಲ್ಲ. ಬೀಜಿಂಗಿನಲ್ಲಿ ರಷ್ಯ ತಂಡದ ತರಬೇತುದಾರರಾಗಿ ಸೋಲುಂಡ ವ್ಲಾದಿಮಿರ್ ಅಲೆಕ್ನೊ ಅವರೇ ಆ ವರ್ಷ ಕಜಾನಿನ ತರಬೇತುದಾರರಾಗಿ ಬಂದರು! ತಮ್ಮನ್ನು ಸೋಲಿಸಿದವರನ್ನೇ ಮುಂದಿಟ್ಟುಕೊಂಡು 2009ರಲ್ಲಿ ರಷ್ಯದ ಚಾಂಪಿಯನ್ ಪಟ್ಟ ಗೆದ್ದರು. ಅಂದಿನಿಂದ ನಾವು ಈ ಕ್ಲಬ್ಬಿನ ಸುದ್ದಿಯನ್ನು ಬಿಡದೆ ಹಿಂಬಾಲಿಸುತ್ತಿದ್ದೇವೆ.

ಕಜಾನ್ ಇರುವುದು ಮಾಸ್ಕೋದ ಪೂರ್ವಕ್ಕೆ, ವೋಲ್ಗಾ ನದಿಯ ದಡದಲ್ಲಿ. ತತಾರ್‌ಸ್ತಾನ್ ಗಣರಾಜ್ಯದ ರಾಜಧಾನಿ. ಹನ್ನೆರಡು ಲಕ್ಷಕ್ಕೂ ಮಿಕ್ಕಿ ಜನರಿದ್ದಾರೆ. ಅವರಲ್ಲಿ ತತಾರರು, ರಷ್ಯನ್ನರು ಹೆಚ್ಚು ಕಡಿಮೆ ಸಮಸಮ. ತತಾರ್, ರಷ್ಯನ್ ಎರಡೂ ಅಲ್ಲಿನ ಅಧಿಕೃತ ಭಾಷೆಗಳು. ಊರಿನ ಹಳೆಯ ಕೋಟೆಯೊಳಗೆ ಕ್ರೈಸ್ತರ ದೊಡ್ಡ ಇಗರ್ಜಿಯೂ ಇದೆ, 2005ರಲ್ಲಿ ತೆರೆದ ಕುಲ್ ಷರೀಫ್ ಮಸೀದಿಯೂ ಇದೆ. 1552ರಲ್ಲಿ ಇವಾನ್ ದೊರೆ ಆ ಊರನ್ನು ಗೆದ್ದಾಗ ನಾಶವಾದ ಮಸೀದಿಯ ನೆನಪಿಗೆ ಈ ಹೊಸದನ್ನು ಕಟ್ಟಿದ್ದಾರೆ. ಎರಡು ಭಾಷೆ, ಎರಡು ಮತಗಳ ಜನ ಒಂದೇ ಗ್ಯಾಲರಿಯಲ್ಲಿ ಕುಳಿತು ಒಂದೇ ತಂಡಕ್ಕೆ ಕೂಗುವ ಊರು ಅದು.

ಇಷ್ಟು ಪುರಾತನ ಊರಿನ ಈ ಕ್ಲಬ್ ಮಾತ್ರ ಬಹಳ ಎಳೆಯದು. ಹುಟ್ಟಿದ್ದು 2000ದಲ್ಲಿ. ಮೊದಲಿನ ಹೆಸರು ದಿನಮೊ-ತತ್‌ತ್ರಾನ್ಸ್‌ಗಾಜ್. ಈ ಬಾಯಿ ತುಂಬುವ ಹೆಸರಿನ ಉತ್ತರಾರ್ಧ, ಕೊಳವೆಗಳಲ್ಲಿ ಅನಿಲ ಸಾಗಿಸುವ ಅಲ್ಲಿನ ಉದ್ಯಮದ್ದು. ಹಣ ಅಲ್ಲಿಂದಲೇ ಬಂದದ್ದು. 2008ರಲ್ಲಿ ಹೆಸರು ಬದಲಾಗಿ ಜೆನಿತ್-ಕಜಾನ್ ಆಯಿತು. ಸೋವಿಯೆತ್ ಕಾಲದಲ್ಲಿ ಸೈನ್ಯದ ಕ್ಲಬ್ಬಾದ ಮಾಸ್ಕೋದ ಸಿಎಸ್‌ಕೆಎ ಯೂರೋಪಿನ ಚಾಂಪಿಯನ್ಸ್ ಕಪ್ಪನ್ನು ಹದಿಮೂರು ಸಲ ಗೆದ್ದು ಮೆರೆದಿತ್ತು. ಅಂಥ ಹಳೆಯ ಮನೆತನವೇ 2009ರಲ್ಲಿ ಬಾಗಿಲು ಮುಚ್ಚಿತು. ಹಿಂದಿಲ್ಲ ಮುಂದಿಲ್ಲ ಎಂಬಂತೆ ಹುಟ್ಟಿದ ಕಜಾನಿನ ಕೂಸು ಅದೇ ಹೊತ್ತಿಗೆ ಎದ್ದು ನಿಂತಿತು.

ಇನ್ನು ಸಾಧನೆಯ ಪಟ್ಟಿ. ಲೆಕ್ಕಪತ್ರದ ಹಾಗೆ ಕಂಡರೂ ಇದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ರಷ್ಯದ ಚಾಂಪಿಯನ್ ಪಟ್ಟ ಮೊದಲು ಬಂದದ್ದು 2007ರಲ್ಲಿ. ಅಲ್ಲಿಂದ 2018ರವರೆಗಿನ ಹನ್ನೆರಡು ಋತುಗಳಲ್ಲಿ ಹತ್ತು ಸಲ ಪಟ್ಟ ಇವರದೇ. ತಪ್ಪಿದ್ದು 2008 ಮತ್ತು 2013ರಲ್ಲಿ ಮಾತ್ರ. ಯೂರೋಪಿನ ಚಾಂಪಿಯನ್ಸ್ ಲೀಗನ್ನು ಆರು ಸಲ ಗೆದ್ದಿದ್ದಾರೆ. 2008ರಲ್ಲಿ ವಿಕ್ತೋರ್ ಸಿದೆಲ್ನಿಕೊವ್ ಅವರ ತರಬೇತಿಯಲ್ಲಿ, ಪೋಲೆಂಡಿನ ಲೋಡ್ಜ್ ನಗರದಲ್ಲಿ ಇಟಲಿಯ ಪಿಯಾಚೆಂಜಾ ತಂಡವನ್ನು 3-2ರಿಂದ ಸೋಲಿಸಿ ಮೊದಲನೆಯದು. 2012ರಲ್ಲಿ ಅದೇ ಊರಿನಲ್ಲಿ ಪೋಲೆಂಡಿನದೇ ಸ್ಕ್ರಾ ತಂಡದ ಮೇಲೆ ಮತ್ತೆ 3-2. ಆಮೇಲೆ 2015, 2016, 2017, 2018 ಹೀಗೆ ಸತತ ನಾಲ್ಕು ವರ್ಷ: ಬರ್ಲಿನ್, ಕ್ರಾಕೌ, ರೋಮ್, ಕೊನೆಗೆ ತಮ್ಮದೇ ಕಜಾನ್. ತಮ್ಮೂರಿನ ಆ ಫೈನಲಿನಲ್ಲಿ ಇಟಲಿಯ ಲೂಬೆ ತಂಡದೊಡನೆ ಐದು ಸೆಟ್ ಕಾದಾಡಿ ಗೆದ್ದರು. 2017ರ ಡಿಸೆಂಬರಿನಲ್ಲಿ ಅದೇ ಲೂಬೆಯನ್ನು ನೇರ ಸೆಟ್ಟುಗಳಲ್ಲಿ ಸೋಲಿಸಿ ಕ್ಲಬ್ಬುಗಳ ವಿಶ್ವ ಚಾಂಪಿಯನ್ ಆಗಿದ್ದರು.

ಈ ಗೆಲುವುಗಳ ಹಿಂದೆ ಇದ್ದವರು ಯಾರು ಎಂದು ನೋಡಿದರೆ ನಮ್ಮ ಸೂಚನೆಯ ಮಾತಿಗೆ ಬಂದಂತಾಗುತ್ತದೆ. ಅಲೆಕ್ನೊ ಹುಟ್ಟಿದ್ದು ಬೆಲಾರುಸ್‌ನ ಪೊಲೊತ್ಸ್ಕ್ ಊರಿನಲ್ಲಿ. ತೆತ್ಯೂಖಿನ್ ಹುಟ್ಟಿದ್ದು ಉಜ್ಬೆಕಿಸ್ತಾನದಲ್ಲಿ, ಹೆಸರು ಮಾಡಿದ್ದು ಬೆಲ್ಗೊರೊದ್ ಕ್ಲಬ್ಬಿನಲ್ಲಿ. 2010ರಲ್ಲಿ ಬಂದ ಮಕ್ಸಿಂ ಮಿಖಾಯ್ಲೊವ್ ಅದಕ್ಕೆ ಮೊದಲು ಯಾರೊಸ್ಲಾವ್ಲ್ ನಗರದ ಕ್ಲಬ್ಬಿಗೆ ಆಡುತ್ತಿದ್ದರು. ವಿಲ್ಫ್ರೆದೊ ಲಿಯೋನ್ ಕ್ಯೂಬಾದ ಸಾಂತಿಯಾಗೊ ನಗರದವರು. ಹದಿನೇಳನೆಯ ವಯಸ್ಸಿನಲ್ಲೇ, 2010ರ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ತಮ್ಮ ನಾಡಿಗೆ ಬೆಳ್ಳಿ ತಂದುಕೊಟ್ಟ ತಂಡದಲ್ಲಿದ್ದವರು. 2014ರಿಂದ 2018ರವರೆಗೆ ಕಜಾನಿನಲ್ಲಿದ್ದ ನಾಲ್ಕು ಋತುಗಳಲ್ಲಿ ನಾಲ್ಕೂ ಚಾಂಪಿಯನ್ಸ್ ಲೀಗ್ ಗೆದ್ದರು. ಮುಂದೆ ಪೋಲೆಂಡಿನ ಪ್ರಜೆಯಾಗಿ ಆ ದೇಶದ ಪರವಾಗಿ ಆಡಿ 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಬೆಳ್ಳಿ ಗೆದ್ದರು. ಮ್ಯಾಟ್ ಆಂಡರ್ಸನ್ ನಮ್ಮ ಪಕ್ಕದ ನ್ಯೂಯಾರ್ಕ್ ರಾಜ್ಯದ ಬಫಲೋದವರು. 2012ರಲ್ಲಿ ಹೋಗಿ 2019ರವರೆಗೂ ಅಲ್ಲಿದ್ದರು.

ಆಂಡರ್ಸನ್ ಅವರ ಕಥೆಯಲ್ಲಿ ಒಂದು ಪುಟವಿದೆ. ನಮ್ಮ ಓದುಗರಿಗೆ ಅದು ಬೇಗ ಅರ್ಥವಾಗುತ್ತದೆಂದು ನಮ್ಮ ನಂಬಿಕೆ. 2014ರಲ್ಲಿ ಅಮೆರಿಕ ತಂಡದ ಬೇಸಿಗೆಯ ಪಂದ್ಯಗಳನ್ನು ಮುಗಿಸಿ ಕಜಾನಿಗೆ ಹೋದವರು ಆ ಶರತ್ಕಾಲದಲ್ಲಿ ಆಟ ನಿಲ್ಲಿಸಿ ಮನೆಗೆ ಹೊರಟುಬಿಟ್ಟರು. ಕಾಲು ಮುರಿದಿರಲಿಲ್ಲ, ಭುಜ ಉಳುಕಿರಲಿಲ್ಲ. ಮನಸ್ಸು ಕುಗ್ಗಿದೆ, ಮನೆಯವರ ನೆನಪು ಕಾಡುತ್ತಿದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. ಎರಡು ಮೀಟರ್ ಎತ್ತರದ ಆಳು, ದೇಶದ ತಂಡದ ಮುಖ್ಯ ಆಟಗಾರ, ಕೈತುಂಬ ಸಂಬಳ. ಏನು ಕಮ್ಮಿಯಾಗಿತ್ತು ಎಂದು ಕೇಳುವವರು ಕೇಳಿರಬಹುದು. ನಾವು ಕೇಳುವುದಿಲ್ಲ. ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ ಸಂಜೆ ನಾಲ್ಕೂವರೆಗೆ ಕತ್ತಲಾದಾಗ, ಕಿಟಕಿಯ ಹೊರಗೆ ಹಿಮ, ಒಳಗೆ ಒಬ್ಬರಿಗಾಗುವಷ್ಟು ಅನ್ನ, ಮಾತಾಡಲು ಗೋಡೆ ಮಾತ್ರ ಎಂಬಂತಿದ್ದ ದಿನಗಳು ನಮ್ಮ ಮೂವರಿಗೂ ನೆನಪಿವೆ. ನಮ್ಮಲ್ಲೊಬ್ಬರು ಆಗ ಊರಿನಿಂದ ತಂದ ಚಟ್ನಿಪುಡಿಯ ಡಬ್ಬಿ ಖಾಲಿಯಾಗಿ ತಿಂಗಳಾದರೂ ತೊಳೆಯದೆ ಇಟ್ಟುಕೊಂಡಿದ್ದರು. ಮುಚ್ಚಳ ತೆಗೆದು ವಾಸನೆ ನೋಡುವುದಕ್ಕೆ!

ಆಂಡರ್ಸನ್ 2015ರ ಮೊದಲ ತಿಂಗಳುಗಳಲ್ಲಿ ಮರಳಿ ಹೋದರು. ಕ್ಲಬ್ ಸೇರಿಸಿಕೊಂಡಿತು. ಆ ಮಾರ್ಚಿನಲ್ಲಿ ಬರ್ಲಿನ್ನಿನಲ್ಲಿ ತಂಡ ಚಾಂಪಿಯನ್ಸ್ ಲೀಗ್ ಗೆದ್ದಿತು. ಅದಾದ ಮೇಲೆ ಇನ್ನೂ ನಾಲ್ಕು ವರ್ಷ ಅವರು ಅಲ್ಲಿಯೇ ಆಡಿದರು. ಹೊರಟುಹೋದವನಿಗೆ ಬಾಗಿಲು ತೆರೆದಿಟ್ಟ ಕ್ಲಬ್ಬೂ ಮರಳಿ ಬಂದ ಆಟಗಾರನೂ ನಮ್ಮ ಕಣ್ಣಿಗೆ ದೊಡ್ಡವರಾಗಿ ಕಾಣುತ್ತಾರೆ.

ಈಗ ನಮ್ಮ ಅಂಗಳಕ್ಕೆ ಬರೋಣ. ಸೂಚನೆಯಲ್ಲಿ ಯಾರ ಹೆಸರೂ ಇಲ್ಲ, ನಿಜ. ಆದರೆ ಅದು ಯಾರಿಗೆ ತಗಲುತ್ತದೆಂದು ಎಲ್ಲರಿಗೂ ಗೊತ್ತು. ನಮ್ಮ ತಂಡದ ಲಿಫ್ಟರ್ ಕನ್ನಡಿಗನಲ್ಲ. ನಮ್ಮಲ್ಲೊಬ್ಬರ ಸಹೋದ್ಯೋಗಿ, ಹೋಲ್ಯೋಕಿನಲ್ಲಿ ಹುಟ್ಟಿದವನು, ಅವನ ಅಜ್ಜ ಅಜ್ಜಿ ಪೋರ್ಟೊರಿಕೊದಿಂದ ಬಂದವರು. ಎಂಟು ವರ್ಷಗಳಿಂದ ಭಾನುವಾರ ತಪ್ಪಿಸದೆ ಬರುತ್ತಿದ್ದಾನೆ. ನಮಗಿಂತ ಮೊದಲು ಬಂದು ಕಂಬ ನೆಡುತ್ತಾನೆ. ಅಂಕ ಎಣಿಸುವುದು ಕನ್ನಡದಲ್ಲೇ. ಇಪ್ಪತ್ತೈದರವರೆಗೆ ಮಾತ್ರ ಬರುತ್ತದೆ, ಅದಕ್ಕಿಂತ ಹೆಚ್ಚು ಬೇಕಾಗುವುದೂ ಅಪರೂಪ. ರಾಜ್ಯೋತ್ಸವದ ಊಟದಲ್ಲಿ ಎಲೆ ಹಾಕುವ ಸಾಲಿನಲ್ಲಿಯೂ ನೀವು ಅವನನ್ನು ಕಂಡಿದ್ದೀರಿ. ಇನ್ನೊಂದು ಮಾತು: ಈ ಆಟ ಹುಟ್ಟಿದ್ದೇ ಅವನ ಊರಿನಲ್ಲಿ! 1895ರಲ್ಲಿ ಹೋಲ್ಯೋಕಿನ ವೈಎಂಸಿಎಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದ ವಿಲಿಯಂ ಮಾರ್ಗನ್ ಇದನ್ನು ರೂಪಿಸಿ ಮಿಂಟೊನೆಟ್ ಎಂದು ಕರೆದಿದ್ದರು. ಮರುವರ್ಷ ಪಕ್ಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಪ್ರದರ್ಶನ ನಡೆದಾಗ ಈಗಿನ ಹೆಸರು ಬಂತು. ಅದೇ ಸ್ಪ್ರಿಂಗ್‌ಫೀಲ್ಡಿನಲ್ಲಿ ಕಲಿತ ಹ್ಯಾರಿ ಬಕ್ 1920ರಲ್ಲಿ ಮದರಾಸಿನಲ್ಲಿ ವೈಎಂಸಿಎಯ ವ್ಯಾಯಾಮ ಶಿಕ್ಷಣ ಶಾಲೆ ತೆರೆದರು. ನಮ್ಮ ದಕ್ಷಿಣದ ಶಾಲೆಗಳಿಗೆ ಇಂಥ ಆಟಗಳು ಹಬ್ಬಲು ಅಲ್ಲಿ ತಯಾರಾದ ಮೇಷ್ಟ್ರುಗಳೂ ಕಾರಣರು. ಹಾಗೆ ನೋಡಿದರೆ ಈ ಆಟಕ್ಕೆ ಹೊರಗಿನವರು ನಾವು, ಒಳಗಿನವನು ಅವನು.

ಇದು ತಮಾಷೆಯ ಮಾತಾಯಿತು. ಸೂಚನೆ ತಂದವರ ಆತಂಕವನ್ನು ನಾವು ತಮಾಷೆಯಾಗಿ ತಳ್ಳಿಹಾಕುವುದಿಲ್ಲ. ಅವರು ಕೂಟಕ್ಕಾಗಿ ದುಡಿದ ಹಿರಿಯರು. ‘ಇವತ್ತು ಒಬ್ಬ, ನಾಳೆ ನಾಲ್ವರು, ನಾಡಿದ್ದು ಗೆಲ್ಲುವ ಆಸೆಗೆ ತಂಡವೆಲ್ಲ ಹೊರಗಿನವರೇ. ಆಮೇಲೆ ಅಂಗಿಯ ಮೇಲಿನ ಅಕ್ಷರ ಬಿಟ್ಟರೆ ಕನ್ನಡ ಎಲ್ಲಿ ಉಳಿಯಿತು?’ ಎಂಬುದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆ. ನಮ್ಮ ಮಕ್ಕಳೇ ಬೆಂಚಿನ ಮೇಲೆ ಕುಳಿತು ನೋಡುವಂತಾದರೆ ತಂಡ ಇದ್ದೂ ಪ್ರಯೋಜನವಿಲ್ಲ.

ಕಜಾನಿನ ಕಥೆಯಲ್ಲಿ ಈ ಆತಂಕಕ್ಕೂ ಆಧಾರವಿದೆ. ಅನಿಲದ ಹಣವಿದ್ದದ್ದರಿಂದ ಅವರಿಗೆ ಲೋಕದ ಉತ್ತಮರನ್ನು ಕರೆತರುವುದು ಸಾಧ್ಯವಾಯಿತು. ಕರೆತಂದವರು ಹೋಗಲೂ ಬಲ್ಲರು. 2018ರಲ್ಲಿ ಲಿಯೋನ್ ಇಟಲಿಯ ಪೆರುಜಾಕ್ಕೆ ಹೋದರು. ಮರುವರ್ಷದ ಚಾಂಪಿಯನ್ಸ್ ಲೀಗ್ ಫೈನಲಿನಲ್ಲಿ ಕಜಾನ್ ಅದೇ ಲೂಬೆಗೆ ಸೋತಿತು. 2019ರಿಂದ 2022ರವರೆಗೆ ರಷ್ಯದ ಪಟ್ಟವೂ ದಕ್ಕಲಿಲ್ಲ. 2022ರಲ್ಲಿ ಯುಕ್ರೇನಿನ ಮೇಲೆ ರಷ್ಯ ಯುದ್ಧ ಸಾರಿದ ಕಾರಣ ಯೂರೋಪಿನ ಪಂದ್ಯಗಳಿಂದ ರಷ್ಯದ ಕ್ಲಬ್ಬುಗಳನ್ನು ಹೊರಗಿಟ್ಟರು. 2023ರ ಡಿಸೆಂಬರಿನಲ್ಲಿ ಕ್ಲಬ್ಬುಗಳ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು ನಮ್ಮ ಬೆಂಗಳೂರಿನಲ್ಲೇ, ಕೋರಮಂಗಲದ ಒಳಾಂಗಣ ಕ್ರೀಡಾಂಗಣದಲ್ಲಿ. ಗೆದ್ದದ್ದು ಪೆರುಜಾ. ಹಿಂದೊಮ್ಮೆ ಈ ಪಟ್ಟ ಗೆದ್ದಿದ್ದ ಕಜಾನ್ ನಮ್ಮೂರಿನ ಅಂಗಳಕ್ಕೆ ಬರಲಿಲ್ಲ. ಯುದ್ಧದಲ್ಲಿ ಮನೆ ಮಠ ಕಳೆದುಕೊಂಡವರ ದುಃಖದ ಮುಂದೆ ಇದು ಏನೂ ಅಲ್ಲ. ಆದರೆ ಆಟಗಾರರು ಎಷ್ಟೇ ದೇಶಗಳಿಂದ ಬಂದಿರಲಿ, ಕ್ಲಬ್ಬು ಇರುವ ನೆಲದ ಪಾಪ ಪುಣ್ಯ ಅದಕ್ಕೆ ತಟ್ಟದೆ ಇರುವುದಿಲ್ಲ ಎಂಬುದನ್ನೂ ನಾವು ಕಂಡೆವು.

ಹಾಗಾದರೆ ಕಜಾನಿನಲ್ಲಿ ಉಳಿದದ್ದು ಏನು? ಮಿಖಾಯ್ಲೊವ್ ಉಳಿದರು. ಬೇರೆ ಊರಿನಿಂದ ಬಂದವರು, ಆದರೆ ವರ್ಷಗಟ್ಟಲೆ ಅಲ್ಲಿಯೇ ಬೇರು ಬಿಟ್ಟು ಐದು ಚಾಂಪಿಯನ್ಸ್ ಲೀಗ್ ಗೆಲುವುಗಳಲ್ಲಿ ಪಾಲುಗೊಂಡರು. 2012ರ ಲಂಡನ್ ಒಲಿಂಪಿಕ್ಸಿನ ಫೈನಲಿನಲ್ಲಿ ಬ್ರೆಜಿಲಿನ ಎದುರು ರಷ್ಯ ಎರಡು ಸೆಟ್ ಸೋತು ಮುಳುಗುವಂತಿದ್ದಾಗ, ಅಲೆಕ್ನೊ ನಡುವಿನ ಬ್ಲಾಕರ್ ಮುಸೆರ್ಸ್ಕಿಯನ್ನು ಮಿಖಾಯ್ಲೊವ್ ಅವರ ಜಾಗಕ್ಕೆ ತಂದು ಮಿಖಾಯ್ಲೊವ್ ಅವರನ್ನು ಬೇರೆ ಜಾಗಕ್ಕೆ ಸರಿಸಿದರು. ತಂಡದ ಮುಖ್ಯ ಸ್ಮ್ಯಾಷರ್ ಆಗಿದ್ದವರು ಗೊಣಗದೆ ಸರಿದು, ಚೆಂಡು ಎತ್ತುವ, ತಡೆಯುವ ಕೆಲಸಕ್ಕೆ ನಿಂತರು. ಮುಸೆರ್ಸ್ಕಿ 31 ಅಂಕ ಗಳಿಸಿದರು. ರಷ್ಯ 3-2ರಿಂದ ಚಿನ್ನ ಗೆದ್ದಿತು. ಕಜಾನ್ 2023ರಲ್ಲಿ ಮತ್ತೆ ರಷ್ಯದ ಚಾಂಪಿಯನ್ ಆದಾಗ ತಂಡದಲ್ಲಿ ಇದೇ ಮಿಖಾಯ್ಲೊವ್ ಇದ್ದರು. ಅವರನ್ನು ಕಜಾನಿನವರಲ್ಲ ಎಂದು ಹೇಳುವವರು ಯಾರು?

ಇನ್ನೊಂದು ಸಂಗತಿ. ಆ ವರ್ಷಗಳಲ್ಲಿ ರಷ್ಯದ ಸೂಪರ್ ಲೀಗಿನಲ್ಲಿ ಒಂದು ತಂಡದಲ್ಲಿ ಇಬ್ಬರು ವಿದೇಶೀಯರಿಗೆ ಮಾತ್ರ ಅವಕಾಶವಿತ್ತು. ಬಾಲ್ ಮತ್ತು ಸ್ಟ್ಯಾನ್ಲಿ. ಮುಂದೆ ಆಂಡರ್ಸನ್ ಮತ್ತು ಲಿಯೋನ್. ಬಾಕಿಯವರೆಲ್ಲ ರಷ್ಯದವರೇ. ಇದನ್ನು ಓದಿದಾಗ ನಮ್ಮಲ್ಲಿನ ಕುಂದಾಪುರದವರಿಗೆ ನಗು ತಡೆಯಲಾಗಲಿಲ್ಲ. ಅವರ ಊರಿನ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾಟದ ಕರಪತ್ರದಲ್ಲಿಯೂ ಕೊನೆಯ ಸಾಲು ಇದೇ: ‘ತಂಡಕ್ಕೆ ಇಬ್ಬರು ಅತಿಥಿ ಆಟಗಾರರಿಗೆ ಮಾತ್ರ ಅವಕಾಶ.’ ಗದ್ದೆ ಕೊಯ್ಲಾದ ಮೇಲೆ ಟ್ಯೂಬ್‌ಲೈಟ್ ಕಟ್ಟಿ ಆಡುವ ಆ ಪಂದ್ಯಾಟಗಳಲ್ಲಿ, ಅತಿಥಿ ಆಟಗಾರ ಚೆನ್ನಾಗಿ ಆಡಿದರೆ ಮರುದಿನ ಊರವರೇ ಕರೆದು ಊಟ ಹಾಕಿ ಬಸ್ಸಿಗೆ ಬಿಟ್ಟು ಬರುತ್ತಿದ್ದರಂತೆ. ಮೂರು ವರ್ಷ ಸತತವಾಗಿ ಬಂದವನನ್ನು ಅತಿಥಿ ಎಂದು ಕರೆಯುವುದನ್ನೇ ಬಿಡುತ್ತಿದ್ದರಂತೆ.

ಈ ಎಲ್ಲವನ್ನೂ ಮುಂದಿಟ್ಟುಕೊಂಡು ನಾವು ಮೂವರು ಮಹಾಸಭೆಯ ಮುಂದೆ ಒಂದು ತಿದ್ದುಪಡಿ ತರಲಿದ್ದೇವೆ. ಒಂದು: ಅಂಗಳದಲ್ಲಿ ಯಾವ ಹೊತ್ತಿಗೂ ಅತಿಥಿಗಳು ಇಬ್ಬರನ್ನು ಮೀರಬಾರದು. ಎರಡು: ಪಂದ್ಯದ ವಾರ ಮಾತ್ರ ಕಾಣಿಸಿಕೊಳ್ಳುವ ಗಟ್ಟಿ ಆಟಗಾರರಿಗೆ ಅವಕಾಶವಿಲ್ಲ, ಒಂದು ವರ್ಷವಾದರೂ ನಮ್ಮೊಡನೆ ಭಾನುವಾರದ ಅಭ್ಯಾಸಕ್ಕೆ ಬಂದಿರಬೇಕು. ಮೂರು: ಪ್ರತಿ ಪಂದ್ಯದಲ್ಲೂ ಹದಿನೆಂಟರೊಳಗಿನ ನಮ್ಮ ಮಕ್ಕಳಲ್ಲಿ ಒಬ್ಬರಾದರೂ ಒಂದು ಪೂರ್ತಿ ಸೆಟ್ ಆಡಬೇಕು, ಸೋತರೂ ಚಿಂತೆಯಿಲ್ಲ. ಹೀಗೆ ಮಾಡಿದರೆ ಹಿರಿಯರ ಆತಂಕಕ್ಕೂ ಉತ್ತರ ಸಿಗುತ್ತದೆ, ಎಂಟು ವರ್ಷ ಕಂಬ ನೆಟ್ಟವನನ್ನು ಬೇಲಿಯ ಆಚೆ ನಿಲ್ಲಿಸಿದ ಹಾಗೂ ಆಗುವುದಿಲ್ಲ.

ಈ ನಾಡಿಗೆ ಬಂದಾಗ ನಾವೂ ಅತಿಥಿಗಳೇ ಆಗಿದ್ದೆವು. ಆಫೀಸಿನ ತಂಡದಲ್ಲಿ, ಬೀದಿಯ ತಂಡದಲ್ಲಿ, ಮಕ್ಕಳ ಶಾಲೆಯ ಸಮಿತಿಯಲ್ಲಿ ಯಾರೋ ಒಬ್ಬರು ‘ಬಾ, ಒಂದು ಜಾಗ ಖಾಲಿ ಇದೆ’ ಎಂದು ಕರೆದದ್ದರಿಂದ ಇಲ್ಲಿ ನೆಲೆ ನಿಂತೆವು. ಆ ಕರೆಯುವ ಸರದಿ ಈಗ ನಮ್ಮದು. ನಮ್ಮ ತಿದ್ದುಪಡಿ ಒಪ್ಪಿಗೆಯಾಗದಿದ್ದರೂ ನಾವು ಮುನಿಸಿಕೊಂಡು ಮನೆಯಲ್ಲಿ ಕೂರುವವರಲ್ಲ. ನೆಟ್ ಕಟ್ಟುವವರು ಬೇಕಲ್ಲ! ಆದರೆ ಲಿಫ್ಟರಿಗೆ ಆ ಸುದ್ದಿಯನ್ನು ನಾವು ಹೇಳಲಾರೆವು. ಸೂಚನೆಗೆ ಕೈ ಎತ್ತಿದವರೇ ಭಾನುವಾರ ಬೆಳಿಗ್ಗೆ ಮೈದಾನಕ್ಕೆ ಬಂದು ಹೇಳಬೇಕು. ಅವನು ಒಂಬತ್ತಕ್ಕೇ ಬಂದಿರುತ್ತಾನೆ.

ಯುಗಾದಿಯ ಮಹಾಸಭೆಗೆ ಎಲ್ಲರೂ ಸಂಸಾರ ಸಮೇತರಾಗಿ ಬರಬೇಕೆಂದು ವಿನಂತಿ. ಬೇವು ಬೆಲ್ಲ ಹಂಚಿದ ಮೇಲೆಯೇ ಮತದಾನ.